ಅರ್ಧರೇಸು

ದೋಣಿ ಕಟ್ಟುವ ಜೆಟ್ಟಿಯಲ್ಲಿ ಎಲ್ಲರೂ ನನ್ನನ್ನು ಅರ್ಧರೇಸು ಅಂತಲೇ ಕರೆಯುವುದು. ಬೆನ್ನ ಹಿಂದೆ ಅಲ್ಲ, ಎದುರಿಗೇ. "ಅರ್ಧರೇಸು ದೋಣಿ ಹತ್ತಿದ್ರಾ? ಹಾಗಾದ್ರೆ ಹಾಸಿಗೆ ದಿಂಬು ತಗೊಂಡು ಹೋಗಿ" ಅನ್ನುತ್ತಾರೆ. ಅನ್ನಲಿ. ಎಂಜಿನ್ನಿಗೆ ಅರ್ಧಕ್ಕಿಂತ ಹೆಚ್ಚು ರೇಸು ಕೊಡದೆ ಇಪ್ಪತ್ತೊಂದು ವರ್ಷ ಜನರನ್ನು ದಾಟಿಸಿದ್ದೇನೆ, ಒಬ್ಬರ ಕೂದಲೂ ಕೊಂಕಿಲ್ಲ. ಹೀಗೆ ಜಂಬ ಕೊಚ್ಚಿಕೊಳ್ಳುವುದು ಸುಲಭ. ನಿಜ ಏನೆಂದರೆ ನಾನು ಪುಕ್ಕಲ. ನೀರು ಕಂಡರೆ ನನಗೆ ಭಯ. ನೀರಿನ ಮೇಲೆ ಹೊಟ್ಟೆ ಹೊರೆಯುವವನ ಬಾಯಲ್ಲಿ ಈ ಮಾತು ಕೇಳಿ ನಗು ಬಂದರೆ ನಕ್ಕುಬಿಡಿ, ಆಮೇಲೆ ನಗುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ನಮ್ಮ ಜೆಟ್ಟಿ ಇರುವುದು ನದಿ ಅಗಲವಾಗಿ ಹರಡಿಕೊಳ್ಳುವ ಕಡೆ. ಆಚೆ ದಡದಲ್ಲಿ ಹಡಗು ರಿಪೇರಿಯ ಕಾರ್ಖಾನೆ. ಬೆಳಿಗ್ಗೆ ಕೆಲಸಗಾರರನ್ನು ಹನ್ನೆರಡು ಹನ್ನೆರಡು ಜನರಂತೆ ಅಲ್ಲಿಗೆ ಬಿಡುವುದು, ಸಂಜೆ ವಾಪಸು ಕರೆತರುವುದು, ಇಷ್ಟೇ ನಮ್ಮ ದೋಣಿಯ ಕೆಲಸ. ಕೆಳಗೆ ಎರಡು ಕಿಲೋಮೀಟರ್ ಹೋದರೆ ಅಳಿವೆ ಬಾಯಿ, ನದಿ ಸಮುದ್ರಕ್ಕೆ ಬೀಳುವ ಜಾಗ. ಅಲ್ಲಿ ನೀರಿನಡಿ ಮರಳಿನ ದಿಬ್ಬ ಇದೆ. ಇಳಿತದ ಹೊತ್ತಿಗೆ ನದಿ ಹೊರಗೆ ನುಗ್ಗುತ್ತದೆ, ಸಮುದ್ರ ಒಳಗೆ ನುಗ್ಗುತ್ತದೆ, ಎರಡೂ ಆ ದಿಬ್ಬದ ಮೇಲೆ ಡಿಕ್ಕಿ ಹೊಡೆದು ಅಲೆಗಳು ಗೋಡೆಯಷ್ಟೆತ್ತರ ಎದ್ದು ಮುರಿಯುತ್ತವೆ. ನನ್ನ ಅಣ್ಣ ಹೋದದ್ದು ಅಲ್ಲೇ.

ಆಗ ಅಣ್ಣನ ಎಂಜಿನ್ ಹೊಸದು, ತಂದು ಎರಡೇ ದಿನ ಆಗಿತ್ತು. ಅತ್ತಿಗೆ ಜೆಟ್ಟಿಯ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ದೋಣಿಗಳ ತಾಡಪಾಲು, ಲೈಫ್ ಜಾಕೆಟ್ಟು ಹೊಲಿಯುತ್ತಿದ್ದರು. ಅವತ್ತು ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಗಂಡನನ್ನು ರೇಗಿಸಿದರು: "ಹೊಸ ಎಂಜಿನ್ ಅಂತ ಮೆರೆದಿದ್ದೇ ಮೆರೆದಿದ್ದು, ಇದೇನು ಮೆರವಣಿಗೆನಾ? ಪೂರ್ತಿ ರೇಸ್ ಕೊಟ್ಟು ತೋರಿಸಿ ನೋಡೋಣ!" ಅಣ್ಣ ನಕ್ಕು ಪೂರ್ತಿ ಕೊಟ್ಟೇಬಿಟ್ಟ. ಜೆಟ್ಟಿಯ ಮುಂದೆ ಎರಡು ಸುತ್ತು ಹೊಡೆದು, ಅತ್ತಿಗೆಗೆ ಕೈ ಬೀಸಿ, ನನ್ನನ್ನು ಹತ್ತಿಸಿಕೊಂಡು ಕೆಳಗೆ ಹೋದ. ಒಂದು ಗಂಟೆಯ ನಂತರ ಅಳಿವೆ ಬಾಯಲ್ಲಿ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ನಿಂತದ್ದನ್ನು ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಕೇಳಿಸಿಕೊಂಡರು. ದೋಣಿ ಅಡ್ಡ ತಿರುಗಿ ಮಗುಚಿತು. ನಾನು ದಡಕ್ಕೆ ಬಂದೆ, ಅವನು ಬರಲಿಲ್ಲ. ದೋಣಿಯೂ ಸಿಗಲಿಲ್ಲ, ಎಂಜಿನ್ನೂ ಸಿಗಲಿಲ್ಲ. ಜನ ಮುತ್ತಿಕೊಂಡು ಏನಾಯಿತು ಏನಾಯಿತು ಎಂದು ಕೇಳಿದಾಗ ನಾನು ಹೇಳಿದೆ, "ಎಂಜಿನ್ ಜಾಮ್ ಆಯ್ತು. ಮೆಲ್ಲಗೆ ಓಡಿಸಿ ಪಳಗಿಸದೆ ಪೂರ್ತಿ ರೇಸ್ ಕೊಟ್ವಲ್ಲ, ಅದಕ್ಕೇ."

ಅವತ್ತಿನಿಂದ ನಮ್ಮ ಜೆಟ್ಟಿಯಲ್ಲಿ ಬೇರೆಲ್ಲೂ ಇಲ್ಲದ ಪದ್ಧತಿಯೊಂದು ಬಂತು. ಹೊಸ ಎಂಜಿನ್ ತಂದರೆ ರೇಸು ತಿರುಗಿಸುವ ಹಿಡಿಕೆಯ ಪಕ್ಕಕ್ಕೆ ಹೆಬ್ಬೆರಳಿನ ಗಾತ್ರದ ಮರದ ತುಂಡೊಂದನ್ನು ಕಟ್ಟುತ್ತಾರೆ. ಹಿಡಿಕೆ ಅರ್ಧ ತಿರುಗಿ ಆ ತುಂಡಿಗೆ ತಾಗಿ ನಿಲ್ಲುತ್ತದೆ. ಹತ್ತು ಗಂಟೆ ಓಡಿಸಿದ ಮೇಲೆಯೇ ಅದನ್ನು ಬಿಚ್ಚುವುದು. ಅತ್ತಿಗೆ ಅವತ್ತಿನಿಂದ ಮಿಷನ್ನಿನ ಮೇಜನ್ನು ತಿರುಗಿಸಿ ಹಾಕಿಕೊಂಡಿದ್ದಾರೆ. ಕಿಟಕಿಗೆ ಬೆನ್ನು, ಗೋಡೆಗೆ ಮುಖ.

ಈಗ ಹೊಸ ಎಂಜಿನ್ ತಂದದ್ದು ನನಗಲ್ಲ, ಮಗಳಿಗೆ. ಇಪ್ಪತ್ತನಾಲ್ಕು ವರ್ಷದವಳು, ನನ್ನ ಮೂಗು, ಅಣ್ಣನ ಧೈರ್ಯ. ಸೋಮವಾರದಿಂದ ಕೆಲಸಗಾರರನ್ನು ದಾಟಿಸುವವಳು ಅವಳೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂದರೆ ಅವಳೂ ಅವಳಮ್ಮನೂ ತೀರ್ಮಾನಿಸಿದ್ದರು, ನನಗೆ ತಿಳಿಸಿದ್ದರು. ನಾನು ಒಂದೇ ಷರತ್ತು ಹಾಕಿದೆ. ಹತ್ತು ಗಂಟೆ ನನ್ನ ಜೊತೆ, ನಾನು ಹೇಳಿದ ಹಾಗೆ.

ಮೇಸ್ತ್ರಿಯ ಶೆಡ್ಡಿನಲ್ಲಿ ತುಂಡು ಹಾಕಿಸುವಾಗಲೇ ಜಗಳವಾಯಿತು. ಈ ಮೇಸ್ತ್ರಿ ನಮ್ಮ ಜೆಟ್ಟಿಯ ಎಂಜಿನ್ನುಗಳನ್ನೆಲ್ಲ ಬಿಚ್ಚಿ ಕಟ್ಟಿದವನು, ಅವುಗಳ ಸದ್ದಿಗೆ ಎಡಗಿವಿಯನ್ನು ಒಪ್ಪಿಸಿಬಿಟ್ಟವನು. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ನಿಲ್ಲಿಸಿಕೊಂಡು, ಮರದ ತುಂಡನ್ನು ನೈಲಾನ್ ದಾರದಲ್ಲಿ ಸುತ್ತುತ್ತಿದ್ದ.

"ದಾರ ಬೇಡ. ಉಕ್ಕಿನ ಕ್ಲಿಪ್ ಹಾಕು, ಎರಡು. ಸ್ಕ್ರೂ ಬಿಗಿ ಮಾಡು" ಎಂದೆ.

"ದಾರ ಸಾಕಣ್ಣ. ನೀರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹಲ್ಲಲ್ಲಿ ಕಚ್ಚಿ ಹರಿದುಬಿಡಬಹುದು."

"ಅದಕ್ಕೇ ಬೇಡ ಅಂದಿದ್ದು. ನನ್ನ ಮಗಳಿಗೆ ಹಲ್ಲಿದೆ."

ಮಗಳು ಬಾಗಿಲಲ್ಲಿ ನಿಂತು ಹಲ್ಲು ಕಿರಿದಳು. ಮೇಸ್ತ್ರಿ ಎಂಜಿನ್ ಜೊತೆ ಬಂದ ಪುಸ್ತಕವನ್ನು ನನ್ನ ಮುಂದೆ ಆಡಿಸಿದ. "ಮೊದಲನೇ ಗಂಟೆ ಮೆಲ್ಲಗೆ, ಎರಡನೇದು ಅರ್ಧ. ಮೂರನೇದರಿಂದ ಆಗಾಗ ಒಂದು ನಿಮಿಷ ಪೂರ್ತಿ ಕೊಡಿ ಅಂತ ಇದೆ. ಪೂರ್ತಿ ಕೊಡದೆ ಹೋದ್ರೆ ಒಳಗಿನ ರಿಂಗು ಸರಿಯಾಗಿ ಕೂರಲ್ಲ. ಪಳಗಿಸೋದು ಅಂದ್ರೆ ಮಲಗಿಸೋದಲ್ಲ."

"ಪುಸ್ತಕ ಬರೆದವನು ನಮ್ಮ ಅಳಿವೆ ನೋಡಿಲ್ಲ. ಕ್ಲಿಪ್ ಹಾಕು. ಸ್ಕ್ರೂಡ್ರೈವರ್ ನಿನ್ನ ಹತ್ರಾನೇ ಇರ್ಲಿ, ನಮ್ಮ ದೋಣಿಯ ಡಬ್ಬದಲ್ಲಿರೋದನ್ನೂ ಇಟ್ಕೋ. ಹತ್ತು ಗಂಟೆ ಆದ್ಮೇಲೆ ಬರ್ತೀವಿ."

ಡಬ್ಬದಿಂದ ಸ್ಕ್ರೂಡ್ರೈವರನ್ನು ತೆಗೆದು ಅವನ ಕೈಯಲ್ಲಿಟ್ಟವನು ನಾನೇ. ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿದೆ ಬೇರೆ.

ಮೊದಲ ಎರಡು ದಿನ ಆರು ಗಂಟೆ ಮುಗಿಸಿದೆವು. ಪೆಟ್ರೋಲಿಗೆ ಎರಡರಷ್ಟು ಆಯಿಲ್ ಬೆರೆಸಿದ್ದರಿಂದ ಹಿಂದೆ ನೀಲಿ ಹೊಗೆ. ಒಂದೇ ವೇಗದಲ್ಲಿ ಓಡಿಸಬಾರದು ಎಂದು ಏರಿಸುವುದು, ಇಳಿಸುವುದು. ಏರಿಸುವುದೆಂದರೆ ತುಂಡಿಗೆ ತಾಗುವವರೆಗೆ. ಪ್ರತಿ ಸಲ ಹಿಡಿಕೆ ಟಕ್ ಎಂದು ತುಂಡಿಗೆ ತಾಗಿದಾಗ ನನ್ನ ಎದೆ ತಣ್ಣಗಾಗುತ್ತಿತ್ತು, ಮಗಳ ಮುಖ ಕೆಂಪಾಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಎರಡೂವರೆಗೆ ಹೊರಟೆವು. ಹೊರಡುವ ಮೊದಲು ಅತ್ತಿಗೆಯ ಕೋಣೆಗೆ ಹೋಗಿ ಜಾಕೆಟ್ಟುಗಳನ್ನು ಇಸಿದುಕೊಳ್ಳುವುದು ವಾಡಿಕೆ. ಅತ್ತಿಗೆ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿ ಮಗಳಿಗೆ ತೊಡಿಸಿದರು.

"ತುಂಡು ಹಾಕಿಸಿದ್ದಾನಾ ನಿಮ್ಮಪ್ಪ?"

"ಹಾಕ್ಸಿದಾನೆ ದೊಡ್ಡಮ್ಮ. ಬಿಟ್ರೆ ಸಿಮೆಂಟು ಹಾಕಿ ಮೆತ್ತಿಸ್ತಿದ್ದ."

"ಒಳ್ಳೇದಾಯ್ತು." ಅತ್ತಿಗೆ ಕೊನೆಯ ಪಟ್ಟಿಯನ್ನು ಬಿಗಿದು, ಅದನ್ನೇ ಹಿಡಿದುಕೊಂಡು ಹೇಳಿದರು, "ಪುಟ್ಟಿ, ದಡದಿಂದ ಯಾರಾದ್ರೂ ಏನಾದ್ರೂ ಕೂಗಿದ್ರೆ ಕಿವಿಗೆ ಹಾಕ್ಕೋಬೇಡ. ಹೆಂಗಸರ ಬಾಯಿ ಕೆಟ್ಟದ್ದು." ಮಗಳು ಅವರ ಕೈ ಒತ್ತಿದಳು. ನಾನು ಬಾಗಿಲಾಚೆ ನಿಂತು ಕಾಲಿನ ಉಗುರು ನೋಡುತ್ತಿದ್ದೆ. ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲಲ್ಲ.

ಮೇಲಿನ ಭಾಗದಲ್ಲಿ ಕಾರ್ಖಾನೆಗೆ ಸರಕು ಸಾಗಿಸುವ ಬಾರ್ಜುಗಳ ಓಡಾಟ ಜಾಸ್ತಿ. ಎಂಜಿನ್ ಪಳಗಿಸುವವರು ಕೆಳಗೆ, ಕೆಂಪು ಗೂಟದ ಹತ್ತಿರ ಹೋಗಿ ಸುತ್ತು ಹೊಡೆಯುತ್ತಾರೆ. ನೀರಿನಲ್ಲಿ ನೆಟ್ಟ ಆ ಗೂಟ ದಾಟಿದರೆ ಮುಂದೆ ಅಳಿವೆ. ಮಗಳು ಹಿಂದೆ ಕೂತು ಎಂಜಿನ್ ಹಿಡಿದಿದ್ದಳು. ನಾನು ಅವಳೆದುರು ಕೂತು ಗಡಿಯಾರ ಹಿಡಿದಿದ್ದೆ. ಗಂಟೆ ಪೂರ್ತಿ ತುಂಬಬೇಕು, ಮುಕ್ಕಾಲು ಗಂಟೆ ಲೆಕ್ಕಕ್ಕಿಲ್ಲ ಎನ್ನುವುದು ನನ್ನ ಕಾನೂನು.

"ಅಪ್ಪ, ಇಳಿತ ಶುರುವಾಗಿದೆ. ನೀರು ನೋಡು, ಹೇಗೆ ಎಳೀತಿದೆ. ವಾಪಸ್ ಹೋಗೋಣ್ವಾ?"

"ಇನ್ನು ಹನ್ನೆರಡು ನಿಮಿಷ ಇದೆ. ಏಳನೇ ಗಂಟೆ ತುಂಬಲಿ."

"ಇವತ್ತು ಹುಣ್ಣಿಮೆ."

"ಹನ್ನೆರಡೇ ನಿಮಿಷ ಪುಟ್ಟಿ."

ಹುಣ್ಣಿಮೆಯ ಇಳಿತ ಎಂಥದ್ದೆಂದು ಅವಳು ನನಗೆ ಹೇಳಿಕೊಡಬೇಕಿತ್ತೇ? ಆದರೆ ನನ್ನ ಕಣ್ಣು ಗಡಿಯಾರದ ಮೇಲಿತ್ತು, ನೀರಿನ ಮೇಲಿರಲಿಲ್ಲ. ಎಂಜಿನ್ನನ್ನು ಕಾಪಾಡುವ ಗಡಿಬಿಡಿಯಲ್ಲಿ ಮಗಳನ್ನು ಮರೆತಿದ್ದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಹನ್ನೆರಡು ನಿಮಿಷ ತುಂಬಿದ ಮೇಲೆ, "ಆಯ್ತು, ತಿರುಗಿಸು" ಎಂದೆ. ಅವಳು ದೋಣಿಯ ಮೂತಿಯನ್ನು ಜೆಟ್ಟಿಯ ಕಡೆಗೆ ತಿರುಗಿಸಿ ಹಿಡಿಕೆಯನ್ನು ತುಂಡಿಗೆ ತಾಗುವವರೆಗೂ ತಿರುಗಿಸಿದಳು. ಟಕ್.

ಕೆಂಪು ಗೂಟ ನಮ್ಮ ಬಲಕ್ಕಿತ್ತು. ಮುಂದೆ ಹೋಗುತ್ತಿದ್ದರೆ ಅದು ಹಿಂದೆ ಸರಿಯಬೇಕು. ಸರಿಯಲಿಲ್ಲ. ಎಂಜಿನ್ ಗುರುಗುಟ್ಟುತ್ತಿದೆ, ಹಿಂದೆ ನೊರೆ ಏಳುತ್ತಿದೆ, ಗೂಟ ಮಾತ್ರ ಬಲಕ್ಕೇ ಇದೆ. ನಾನು ಕಣ್ಣುಜ್ಜಿ ನೋಡಿದೆ. ಗೂಟ ನಿಧಾನವಾಗಿ ಮುಂದಕ್ಕೆ ಹೋಗುತ್ತಿತ್ತು. ಅಂದರೆ ನಾವು ಹಿಂದಕ್ಕೆ ಹೋಗುತ್ತಿದ್ದೆವು.

"ಅಪ್ಪ, ಹಿಂದೆ ಹೋಗ್ತಿದೀವಿ."

ಅವಳ ಬೆನ್ನ ಹಿಂದೆ ಅಳಿವೆಯ ಸದ್ದು ಕೇಳುತ್ತಿತ್ತು, ದೊಡ್ಡ ಲಾರಿಯಿಂದ ಜಲ್ಲಿ ಸುರಿದ ಹಾಗೆ, ನಿಂತು ನಿಂತು.

"ಲಂಗರು ಹಾಕು!" ಎಂದಳು. ನಾನು ಮುಂದಕ್ಕೆ ತೆವಳಿ ಹೋಗಿ ಲಂಗರು ಎಸೆದೆ. ಹಗ್ಗ ಸರಸರ ಹೋಗಿ ಬಿಗಿಯಾಯಿತು, ದೋಣಿ ಒಮ್ಮೆ ಜಗ್ಗಿ ನಿಂತಿತು. ಉಸಿರು ಬಿಟ್ಟೆ. ಎರಡನೇ ಸಲ ಜಗ್ಗಿತು. ಮೂರನೇ ಸಲಕ್ಕೆ ಹಗ್ಗ ಫಟ್ಟೆಂದು ಕಡಿದು, ತುದಿ ನನ್ನ ಕೆನ್ನೆಗೆ ಬಾರಿಸಿ ನೀರಿಗೆ ಬಿತ್ತು. ಎಂಜಿನ್ ಹೊಸದು ಕೊಂಡಿದ್ದೆ, ಹಗ್ಗ ಹಳೆಯದೇ ಇಟ್ಟುಕೊಂಡಿದ್ದೆ.

ಕೆಂಪು ಗೂಟ ಈಗ ಬೆರಳಿನಷ್ಟು ಕಾಣುತ್ತಿತ್ತು. ತೆವಳಿಕೊಂಡೇ ಹಿಂದಕ್ಕೆ ಬಂದೆ.

"ಸ್ಕ್ರೂಡ್ರೈವರ್ ಕೊಡು."

"ಮೇಸ್ತ್ರಿ ಹತ್ರ ಇದೆ."

"ನಮ್ಮ ಡಬ್ಬದಲ್ಲಿದ್ದದ್ದು?"

"ಅದೂ ಅವನ ಹತ್ರಾನೇ. ನಾನೇ ಕೊಟ್ಟೆ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಬೈದಿದ್ದರೆ ವಾಸಿಯಿತ್ತು. "ಎಂಜಿನ್ ಹಿಡ್ಕೋ, ನೇರ ಹಿಡಿ" ಎಂದು ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, ಹುಟ್ಟು ಸಿಕ್ಕಿಸುವ ಕಬ್ಬಿಣದ ಗೂಟವನ್ನು ದೋಣಿಯ ಅಂಚಿನಿಂದ ಕಿತ್ತುಕೊಂಡಳು. ತುಂಡನ್ನು ಸೀಳುವ ಯೋಚನೆ. ಕೈ ಎತ್ತಿದಳು. ನಾನು ಇನ್ನೊಂದು ಕೈಯನ್ನು ಆ ಮರದ ತುಂಡಿನ ಮೇಲಿಟ್ಟು ಮುಚ್ಚಿದೆ.

"ಕೈ ತೆಗಿ ಅಪ್ಪ!"

"ಬೇಡ ಪುಟ್ಟಿ. ಪೂರ್ತಿ ಕೊಟ್ರೆ ಜಾಮ್ ಆಗುತ್ತೆ. ನಿಮ್ಮ ದೊಡ್ಡಪ್ಪಂದು ಹಾಗೇ..."

"ಜಾಮ್ ಆದ್ರೂ ಸಾಯ್ತೀವಿ, ಆಗದಿದ್ರೂ ಸಾಯ್ತೀವಿ! ತೆಗಿ!"

ತೆಗೆಯಬೇಕೆಂದೇ ಇದ್ದೆ. ಕೈ ನನ್ನ ಮಾತು ಕೇಳಲಿಲ್ಲ. ಇಪ್ಪತ್ತೊಂದು ವರ್ಷ ಒಂದೇ ಸುಳ್ಳನ್ನು ಹೇಳುತ್ತಾ ಬಂದರೆ ನಾಲಿಗೆ ಮಾತ್ರ ಅಲ್ಲ, ಕೈಯೂ ಅದನ್ನು ನಂಬಿಬಿಡುತ್ತದೆಯೋ ಏನೋ. ಏಕೆಂದರೆ ಅಣ್ಣನ ಎಂಜಿನ್ ಜಾಮ್ ಆಗಿರಲಿಲ್ಲ. ಅವತ್ತೂ ಹೀಗೇ ಅಣ್ಣ ಎಂಜಿನ್ ನನ್ನ ಕೈಗೆ ಕೊಟ್ಟು ಲಂಗರಿನ ಹಗ್ಗ ಬಿಡಿಸಲು ಮುಂದೆ ಹೋಗಿದ್ದ. ಅಲೆ ಏಳುವುದನ್ನು ನೋಡಿ, "ಪೂರ್ತಿ ಕೊಡೋ! ಪೂರ್ತಿ!" ಎಂದು ಕೂಗಿದ. ಕೊಟ್ಟಿದ್ದೆ. ದೋಣಿ ಅಲೆಯ ಮೇಲೆ ಎದ್ದು, ಎಂಜಿನ್ನಿನಡಿ ತಿರುಗುವ ರೆಕ್ಕೆ ನೀರು ಬಿಟ್ಟು ಗಾಳಿಗೆ ಬಂದು ಕಿವಿ ಹರಿಯುವಂತೆ ಕಿರುಚಿತು. ಸಿಡಿದೇಹೋಗುತ್ತದೆ ಎಂದು ಹೆದರಿ ನಾನು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದೆ. ಪೂರ್ತಿ ಹಿಂದಕ್ಕೆ. ಎಂಜಿನ್ ಕೆಮ್ಮಿ ನಿಂತಿತು. ಅಣ್ಣ ತಿರುಗಿ ನನ್ನ ಮುಖ ನೋಡಿದ. ಅಷ್ಟೇ. ಮುಂದಿನ ಅಲೆ ನಮ್ಮನ್ನು ಅಡ್ಡಕ್ಕೆ ಹಿಡಿಯಿತು.

ಹೆದರಿ ನಿಲ್ಲಿಸಿದೆ ಎಂದು ಹೇಳಲು ಆಗದೆ ಜಾಮ್ ಆಯಿತು ಎಂದೆ. ಅತ್ತಿಗೆ ಅದಕ್ಕೆ ತಮ್ಮ ಕಿಟಕಿಯ ಮಾತನ್ನು ಸೇರಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತರು. ನಾನು ಸುಮ್ಮನಿದ್ದೆ.

ಮಗಳು ಇನ್ನೊಮ್ಮೆ ಕೇಳಲಿಲ್ಲ. ಬಗ್ಗಿ ನನ್ನ ಮಣಿಕಟ್ಟನ್ನು ಕಚ್ಚಿದಳು. ಮಕ್ಕಳಾಟದ ಕಚ್ಚು ಅಲ್ಲ, ಹಲ್ಲು ಮೂಳೆಗೆ ತಾಗಿದ ಹಾಗಾಯಿತು. ಕೈ ಬಿಟ್ಟೆ. ನನ್ನನ್ನು ದೋಣಿಯ ತಳಕ್ಕೆ ತಳ್ಳಿ, ಕಬ್ಬಿಣದಿಂದ ತುಂಡಿಗೆ ಹೊಡೆದಳು. ಒಂದು. ಎರಡು. ಹಿಂದಿನಿಂದ ಬಂದ ಅಲೆಯ ನೀರು ಹಿಂಭಾಗದ ಹಲಗೆ ದಾಟಿ ನನ್ನ ಮಡಿಲಿಗೆ ಬಿತ್ತು. ಮೂರನೇ ಏಟಿಗೆ ಮರ ಉದ್ದಕ್ಕೆ ಸೀಳಿತು. ಅರ್ಧ ತುಂಡು ನೀರಿಗೆ, ಅರ್ಧ ನನ್ನ ಪಕ್ಕಕ್ಕೆ ಬಿತ್ತು. ಅವಳು ಹಿಡಿಕೆಯನ್ನು ಕೊನೆಯವರೆಗೂ ತಿರುಗಿಸಿದಳು.

ಆ ಸದ್ದು. ಇಪ್ಪತ್ತೊಂದು ವರ್ಷದಿಂದ ನಾನು ತಪ್ಪಿಸಿಕೊಂಡು ತಿರುಗಿದ ಸದ್ದು. ದೋಣಿಯ ಮೂತಿ ಮೇಲೆದ್ದಿತು, ಹಲಗೆ ಹಲಗೆಯೂ ನಡುಗಿತು. ಒಂದು ಅಲೆ ನಮ್ಮನ್ನು ಎತ್ತಿತು, ರೆಕ್ಕೆ ಗಾಳಿಗೆ ಬಂದು ಎಂಜಿನ್ ಕಿರುಚಿತು. ಅದೇ ಕಿರುಚಾಟ. ನನ್ನ ಕೈ ತಾನಾಗಿ ಮೇಲೆದ್ದು ಹಿಡಿಕೆಗೆ ಚಾಚಿತು. ದೇವರಾಣೆ, ನಾನು ಚಾಚಲಿಲ್ಲ, ಅದೇ ಚಾಚಿತು. ಮಗಳು ಅದನ್ನು ನೋಡಿದಳು. ಎರಡೂ ಕೈ ಎಂಜಿನ್ ಮೇಲಿದ್ದದ್ದರಿಂದ ಕಾಲೆತ್ತಿ ನನ್ನ ಅಂಗೈಯನ್ನು ಹಲಗೆಗೆ ಒತ್ತಿ ತುಳಿದು ಹಿಡಿದಳು. ತುಳಿದುಕೊಂಡೇ ಎಂಜಿನ್ ಓಡಿಸಿದಳು. ನಾನು ಕಣ್ಣು ಮುಚ್ಚಿ, ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಿದ್ದೆ. ನಿಲ್ಲಲಿಲ್ಲ. ಕಣ್ಣು ಬಿಟ್ಟಾಗ ಕೆಂಪು ಗೂಟ ಪಕ್ಕದಲ್ಲಿತ್ತು. ಆಮೇಲೆ ಹಿಂದೆ ಹೋಯಿತು.

ಕಾರ್ಖಾನೆಯ ಗೋಡೆಯ ಮರೆಗೆ ಬಂದ ಮೇಲೆ ರೇಸು ಇಳಿಸಿ, ಕಾಲು ತೆಗೆದಳು. ಅವಳ ತುಟಿಯ ಮೇಲೆ ನನ್ನ ರಕ್ತ ಇತ್ತು.

"ಅವತ್ತು ಎಂಜಿನ್ ಹಿಡಿದಿದ್ದು ಯಾರಪ್ಪ? ದೊಡ್ಡಪ್ಪನಾ, ನೀನಾ?"

ಸುಳ್ಳು ಹೇಳಬಹುದಿತ್ತು. ಅಭ್ಯಾಸವಿತ್ತು. "ನಾನು" ಎಂದೆ.

"ಜಾಮ್ ಆಗಿತ್ತಾ?"

"ಇಲ್ಲ."

ಅವಳು ಮುಖ ತಿರುಗಿಸಿ ನೀರು ನೋಡಿದಳು. "ದೊಡ್ಡಮ್ಮನಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?"

ಅಳಿವೆಯಲ್ಲಿ ನನಗೆ ಭಯವಾಗಿತ್ತು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಆ ಮಾತು ಕೇಳಿದಾಗ ಆದ ಭಯದ ಮುಂದೆ ಅದು ಏನೂ ಅಲ್ಲ. ಜೆಟ್ಟಿ ಹತ್ತಿರವಾದಷ್ಟೂ ದೋಣಿ ತಿರುಗಿಸು, ಅಳಿವೆಗೇ ಹೋಗೋಣ ಅನ್ನಿಸುತ್ತಿತ್ತು.

ಮೇಸ್ತ್ರಿ ಜೆಟ್ಟಿಯ ತುದಿಯಲ್ಲಿ ನಿಂತಿದ್ದ, ಕೈಯಲ್ಲಿ ನನ್ನ ಸ್ಕ್ರೂಡ್ರೈವರ್. "ಪೂರ್ತಿ ಕೊಟ್ರಲ್ಲ! ನನ್ನ ಕಿವಿಗೇ ಕೇಳ್ತು ಅಂದ್ರೆ..." ಎಂದವನು ನಮ್ಮ ಮುಖ ನೋಡಿ ದೋಣಿಯ ಹಗ್ಗಕ್ಕೆ ಕೈ ಚಾಚಿದ. ಒಂದು ಕಿವಿಯವನಿಗೆ ಕೇಳಿಸಿದ್ದು ಪಕ್ಕದ ಕೋಣೆಯವರಿಗೆ ಕೇಳಿಸದೆ ಇರುತ್ತದೆಯೇ?

ಅತ್ತಿಗೆ ಮಿಷನ್ನಿನ ಮುಂದೆಯೇ ಕೂತಿದ್ದರು. ಹೊಲಿಯುತ್ತಿರಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯನ್ನು ನೋಡುತ್ತಿದ್ದರು. ಮಗಳು ಹೋಗಿ ಹೆಗಲು ಮುಟ್ಟಿದಾಗ ಬೆಚ್ಚಿ ತಿರುಗಿ, ಅವಳ ಮುಖ, ಕೈ, ಜಾಕೆಟ್ಟು ಎಲ್ಲ ತಡವಿ ನೋಡಿದರು. "ಬಂದ್ಯಾ? ಬಂದ್ಯಾ?" ಎಂಬ ಒಂದೇ ಮಾತು.

ಒಳಗೆ ಕಾಲಿಡದೆ ಹೊಸ್ತಿಲಲ್ಲಿ ನಿಂತೆ. ಒಡೆದ ಮರದ ತುಂಡು ಕೈಯಲ್ಲೇ ಇತ್ತು, ಯಾವಾಗ ಎತ್ತಿಕೊಂಡೆನೋ ತಿಳಿಯದು. ಅಂಗೈ ಬೆವರಿಗೆ ಅದು ಜಾರುತ್ತಿತ್ತು.

"ಅತ್ತಿಗೆ" ಎಂದೆ. "ಅಣ್ಣನ ಎಂಜಿನ್ ಜಾಮ್ ಆಗಿರಲಿಲ್ಲ. ಪೂರ್ತಿ ರೇಸ್ ಕೊಟ್ಟಿದ್ದಕ್ಕೆ ಅದಕ್ಕೇನೂ ಆಗಿರಲಿಲ್ಲ. ಎಂಜಿನ್ ನನ್ನ ಕೈಲಿತ್ತು. ಅಲೆ ನೋಡಿ ಹೆದರಿ ನಾನೇ ನಿಲ್ಲಿಸಿಬಿಟ್ಟೆ. ಅವನು ಪೂರ್ತಿ ಕೊಡು ಅಂತ ಕೂಗ್ತಾನೇ ಇದ್ದ."

ಅವರು ಅಳಲಿಲ್ಲ. ನಾನು ಕಾದ ಯಾವುದೂ ಆಗಲಿಲ್ಲ. ಮಿಷನ್ನಿನ ಸೂಜಿಯಡಿ ಅರ್ಧ ಹೊಲಿದ ಬಟ್ಟೆಯನ್ನು ಬೆರಳಿನಿಂದ ಒಮ್ಮೆ ನೇವರಿಸಿದರು. ಆಮೇಲೆ ಸಣ್ಣ ಹುಡುಗಿ ಕೇಳುವ ಹಾಗೆ ಕೇಳಿದರು:

"ಹಾಗಾದ್ರೆ, ನಾನು ಕೂಗಿದ್ದರಿಂದ ಅಲ್ಲ?"

"ಅಲ್ಲ ಅತ್ತಿಗೆ. ನಿಮ್ಮಿಂದ ಅಲ್ಲ."

ಹೊರಗೆ ಮೇಸ್ತ್ರಿ ದೋಣಿಯನ್ನು ಕಂಬಕ್ಕೆ ಕಟ್ಟುವ ಸದ್ದು ಕೇಳುತ್ತಿತ್ತು. ಅತ್ತಿಗೆ ಎದ್ದು ಸೂಜಿಯಡಿಯ ಬಟ್ಟೆ ತೆಗೆದು ಮಡಿಸಿಟ್ಟು, ಮಿಷನ್ನಿನ ಮೇಜಿನ ಅಂಚು ಹಿಡಿದರು.

"ಪುಟ್ಟಿ, ಆ ಕಡೆ ಹಿಡಿ. ಕಿಟಕಿ ಕಡೆ ತಿರುಗಿಸಬೇಕು."

ಭಾರದ ಮೇಜು. ನಾನು ಕೈಕೊಡಲು ಒಂದು ಹೆಜ್ಜೆ ಒಳಗಿಟ್ಟೆ.

"ನೀನು ಬೇಡ" ಎಂದರು ಅತ್ತಿಗೆ, ನನ್ನ ಕಡೆ ನೋಡದೆ.

ಅವರಿಬ್ಬರೇ ಎತ್ತಿದರು. ನಾನು ತುಂಡು ಹಿಡಿದು ಹೊಸ್ತಿಲಲ್ಲೇ ನಿಂತಿದ್ದೆ.